ಟರ್ಬೊ ಪೈಪಿನಲ್ಲಿ ಹೊಗೆ ಸೋರುತ್ತಿದೆಯೇ? ಪಾನಾ ಹಿಡಿಯುವ ಮುನ್ನ ಕಿವಿ ಕೊಡಿ

ಏರು ಬಂದಾಗಲೆಲ್ಲ ನನ್ನ ಡೀಸೆಲ್ ಲಾರಿ ಏದುಸಿರು ಬಿಡತೊಡಗಿದಾಗ ನಾನು ಮೊದಲು ಬೈದದ್ದು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನು, ಆಮೇಲೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು. ಕರಿಹೊಗೆ ಬರುತ್ತಿತ್ತು, ಎಳೆತ ಕಡಿಮೆಯಾಗಿತ್ತು, ಟರ್ಬೊ ಒತ್ತುವ ಗಾಳಿಯನ್ನು ಅಳೆಯುವ ಬೂಸ್ಟ್ ಮುಳ್ಳು ಮೇಲೇಳಲು ಮೀನಮೇಷ ಎಣಿಸುತ್ತಿತ್ತು. ಕೊನೆಗೆ ಸಿಕ್ಕಿಬಿದ್ದ ಕಳ್ಳ, ಎಂಜಿನ್‌ನ ಹೊಗೆ ಒಟ್ಟುಗೂಡಿಸುವ ಮ್ಯಾನಿಫೋಲ್ಡ್‌ನಿಂದ ಟರ್ಬೊಗೆ ಹೋಗುವ ಗೇಣುದ್ದದ ಪೈಪಿನ ಕೀಲಿನಲ್ಲಿ ಸುಟ್ಟುಹೋಗಿದ್ದ ಒಂದು ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ತೆಳು ಪಟ್ಟಿ.

ಟರ್ಬೊ ತಿರುಗುವುದೇ ಹೊಗೆಯ ಒತ್ತಡದಿಂದ. ಆ ಹೊಗೆ ಟರ್ಬೊ ತಲುಪುವ ಮೊದಲೇ ಸೋರಿದರೆ ಎಂಜಿನ್‌ಗೆ ಗಾಳಿ ಸಾಲದು, ಡೀಸೆಲ್ ಪೂರ್ತಿ ಉರಿಯದು, ಹೊಗೆಯ ಬಿಸಿಯೂ ಏರುತ್ತದೆ. ಟರ್ಬೊ ದಾಟಿದ ಮೇಲೆ ಸೋರಿದರೆ ಸದ್ದು, ವಾಸನೆ ಜಾಸ್ತಿ. ಶಕ್ತಿಗೆ ಅಷ್ಟೇನೂ ಧಕ್ಕೆಯಿಲ್ಲ. ಇವೆರಡರ ಜೊತೆ ಮೂರನೆಯದೊಂದು ಇದೆ: ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಕೊಳವೆ. ಅದು ಬಿರಿದರೂ ಲಾರಿ ಹೀಗೆಯೇ ಆಡುತ್ತದೆ. ಆದರೆ ಅಲ್ಲಿ ಸೋರುವುದು ಬರಿಯ ಗಾಳಿ. ಭಾರ ಬಿದ್ದಾಗ ಬುಸ್ ಎನ್ನುತ್ತದೆ, ಸುತ್ತ ಎಣ್ಣೆಯ ಪಸೆ ಕಾಣುತ್ತದೆ, ಮಸಿ ಮಾತ್ರ ಇರುವುದಿಲ್ಲ.

ಹುಡುಕಾಟಕ್ಕೆ ಬೆಳಗಿನ ಮೊದಲ ಸ್ಟಾರ್ಟ್ ಬಿಟ್ಟರೆ ಬೇರೆ ಮುಹೂರ್ತವಿಲ್ಲ. ತಣ್ಣಗಿರುವ ಎಂಜಿನ್‌ನಲ್ಲಿ ಸೋರುವ ಕೀಲು ಟಿಕ್ ಟಿಕ್ ಎನ್ನುತ್ತದೆ. ವೇಗ ಏರಿಸಿದರೆ ಸದ್ದೂ ಓಡುತ್ತದೆ. ಕಬ್ಬಿಣ ಕಾದು ಹಿಗ್ಗಿದರೆ ಸಂದು ಮುಚ್ಚಿಕೊಂಡು ಸದ್ದು ಅಡಗಿಬಿಡಬಹುದು. ನಾನು ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕೀಲಿನಿಂದ ಕೀಲಿಗೆ ಸರಿಸುತ್ತೇನೆ. ಫ್ಯಾನ್, ಬೆಲ್ಟುಗಳಿಂದ ದೂರವಿರಿ. ಲಾರಿ ಬಯಲಿನಲ್ಲೇ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಬಳಿಕ ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಟಾರ್ಚ್ ಹಿಡಿದು ಮಸಿ ಹುಡುಕಿ. ನನ್ನ ಲಾರಿಯಲ್ಲಿ ಕಾಡಿಗೆ ಹಚ್ಚಿದ ಬೆರಳನ್ನು ಒರೆಸಿದಂತೆ ಪೈಪಿನ ತುದಿಯ ಚಪ್ಪಟೆ ಅಂಚಾದ ಫ್ಲ್ಯಾಂಜ್‌ನಿಂದ ಶಾಖ ತಡೆಯುವ ತಗಡಿನವರೆಗೆ ಒಂದು ಗೆರೆ ಎಳೆದಿತ್ತು. ಅನುಮಾನ ಉಳಿದರೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ತುದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಕೂರಿಸಿ, ಕೀಲುಗಳಿಗೆ ಸೋಪಿನ ನೀರು ಚಿಮುಕಿಸಿ. ಕೀಲಿನ ಅಡಿಭಾಗವನ್ನು ಪುಟ್ಟ ಕನ್ನಡಿ ಹಿಡಿದು ನೋಡಿ. ನನಗೆ ಗುಳ್ಳೆ ಕಂಡದ್ದು ಅಲ್ಲೇ.

ಬಿಚ್ಚುವ ಕೆಲಸದಲ್ಲಿ ಆತುರ ಪಟ್ಟರೆ ಸ್ಟಡ್ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ಮುರಿಯುತ್ತದೆ. ನಾನು ಪಟ್ಟೆ, ಮುರಿಯಿತು. ತುಕ್ಕು ಸಡಿಲಿಸುವ ಎಣ್ಣೆಯನ್ನು ನಟ್ಟುಗಳಿಗೆ ಎರಡು ದಿನ ಬೆಳಿಗ್ಗೆ ಸಂಜೆ ಬಿಡಿ. ನಟ್ಟನ್ನು ಒಂದೇ ಸಮನೆ ತಿರುಗಿಸದೆ, ತುಸು ಸಡಿಲಿಸಿ, ತುಸು ಬಿಗಿದು, ಮತ್ತೆ ಸಡಿಲಿಸುತ್ತ ಹೊರತನ್ನಿ. ಮುರಿದ ತುಂಡು ಹೊರಗೆ ಚಾಚಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗ್‌ನ ಕಾವೇ ಹಿಡಿತವನ್ನು ಅರ್ಧ ಬಿಡಿಸುತ್ತದೆ. ಮೊದಲು ಬ್ಯಾಟರಿ ಸಂಪರ್ಕ ತಪ್ಪಿಸಿ, ಎಣ್ಣೆಯನ್ನು ಒರೆಸಿ ತೆಗೆಯಿರಿ. ಸ್ಟಡ್ ಒಳಗೇ ಮುರಿದಿದ್ದರೆ ಮೆಷಿನ್ ಶಾಪ್‌ಗೆ ಒಯ್ಯುವುದು ಲೇಸು.

ಪೈಪ್ ಹೊರಬಂದ ಕ್ಷಣವೇ ಟರ್ಬೊದ ಬಾಯಿಗೆ ಬಟ್ಟೆ ತುರುಕಿ. ತುಕ್ಕಿನ ಒಂದು ಚಕ್ಕೆ ಸಾಕು, ಟರ್ಬೊ ಒಳಗಿನ ಟರ್ಬೈನ್ ಚಕ್ರದ ರೆಕ್ಕೆ ಹಾಳಾಗಲು. ಎಷ್ಟು ಬಟ್ಟೆ ತುರುಕಿದಿರಿ ಎಂದು ಲೆಕ್ಕವಿಡಿ. ಒಮ್ಮೆ ನಾನು ಎಲ್ಲ ಜೋಡಿಸಿದ ಮೇಲೆ ಕುಳಿತು ಎಣಿಸಿ, ಎಲ್ಲವನ್ನೂ ಮತ್ತೆ ಬಿಚ್ಚಿದ್ದೇನೆ.

ಹಳೆಯ ಗ್ಯಾಸ್ಕೆಟ್ ಕೆರೆದು ಫ್ಲ್ಯಾಂಜ್ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಡಿ. ಅದರಡಿ 0.1 ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ನುಸುಳಿದರೂ ನಾನು ಫ್ಲ್ಯಾಂಜನ್ನು ಮಟ್ಟ ಮಾಡಿಸದೆ ಕೂರಿಸುವುದಿಲ್ಲ. ಪೈಪಿನ ಬಳುಕುವ ಭಾಗವಾದ ಮಡಿಕೆ ಮಡಿಕೆಯ ಬೆಲ್ಲೋಸ್ ಹರಿದಿದ್ದರೆ ಬದಲಿಸಿ. ಅಷ್ಟು ತೆಳುವಾದ ತಗಡಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ. ಬಿರುಕು ಬಿಟ್ಟ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಕೂಡ ಮನೆಯ ವೆಲ್ಡಿಂಗ್‌ಗೆ ಬಗ್ಗುವುದಲ್ಲ.

ಪೇಸ್ಟ್, ಸಿಲಿಕೋನ್ ಹಚ್ಚಿ ಸಾಗಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಭಾರ ಎಳೆಯುವಾಗ ಟರ್ಬೊಗೆ ಮುಂಚಿನ ಹೊಗೆ 600 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸಿಲಿಕೋನ್ ಅದರ ಅರ್ಧಕ್ಕೇ ಸೋಲುತ್ತದೆ. ನನ್ನ ಪೇಸ್ಟ್ ಎರಡು ಓಟಕ್ಕೆ ಉದುರಿತು, ಉದುರಿದ್ದು ಟರ್ಬೈನ್ ಕಡೆಗೇ ಹೋಯಿತು. ಲೋಹದ ಹೊಸ ಗ್ಯಾಸ್ಕೆಟ್ ಒಣದಾಗಿಯೇ ಕೂರಲಿ.

ಜೋಡಿಸುವಾಗ ಹೊಸ ಸ್ಟಡ್, ಹೊಸ ನಟ್ ಬಳಸಿ. ಎಲ್ಲವನ್ನೂ ಕೈಯಲ್ಲೇ ಹತ್ತಿಸಿದ ಬಳಿಕ ಎದುರುಬದುರಾಗಿ, ಮೂರು ಸುತ್ತಿನಲ್ಲಿ, ಕೈಪಿಡಿ ಹೇಳುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಬೋಲ್ಟುಗಳ ಬದಲು ಕೀಲನ್ನು ಸುತ್ತಿ ಹಿಡಿಯುವ ವಿ-ಬ್ಯಾಂಡ್ ಕ್ಲಾಂಪ್ ಇದ್ದರೆ ಅರ್ಧ ಬಿಗಿದು, ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲನೆ ತಟ್ಟಿ, ಮತ್ತೆ ಬಿಗಿಯಿರಿ.

ಪೈಪ್ ತಾನಾಗಿ ಹೊಂದಿಕೊಳ್ಳದೆ ಬೋಲ್ಟ್ ಎಳೆದು ಕೂರಿಸಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ನನ್ನ ಮೊದಲ ಹೊಸ ಗ್ಯಾಸ್ಕೆಟ್ ಬೇಗನೆ ಸುಟ್ಟದ್ದು ಈ ಕಾರಣಕ್ಕೆ. ಟರ್ಬೊದಿಂದ ಕೆಳಗಿಳಿಯುವ ಪೈಪಿನ ಆಸರೆ ಪಟ್ಟಿ ಮುರಿದು, ಸೈಲೆನ್ಸರ್‌ನ ಭಾರವೆಲ್ಲ ಆ ಕೀಲಿನ ಮೇಲೆ ಜೋತುಬಿದ್ದಿತ್ತು. ಆ ಪಟ್ಟಿ ಬದಲಿಸಿದ ಮೇಲೆ ಬೋಲ್ಟುಗಳು ಬೆರಳಲ್ಲೇ ತಿರುಗಿ ಒಳಹೋದವು.

ಮೊದಲ ಓಟದಲ್ಲಿ ಸುಟ್ಟ ಎಣ್ಣೆಯ ವಾಸನೆ, ತುಸು ಬಿಳಿಹೊಗೆ ಬರುತ್ತದೆ. ನೀವೇ ಬಿಟ್ಟ ಎಣ್ಣೆಯದು. ಒಮ್ಮೆ ಚೆನ್ನಾಗಿ ಕಾದು ಪೂರ್ತಿ ತಣಿದ ಮೇಲೆ, ಕೈಪಿಡಿ ಬೇಡವೆನ್ನದಿದ್ದರೆ, ಬಿಗಿತವನ್ನು ಮತ್ತೊಮ್ಮೆ ನೋಡಿ. ಆಮೇಲೆ ಮರುದಿನ ಬೆಳಿಗ್ಗೆ ಅದೇ ರಬ್ಬರ್ ಕೊಳವೆಯನ್ನು ಕಿವಿಗಿಟ್ಟು ಸ್ಟಾರ್ಟ್ ಮಾಡಿಸಿ.