ಒರೆಗಾನೋಗೆ ನೀರು ಕಡಿಮೆ, ಬಿಸಿಲು ಜಾಸ್ತಿ

ಒರೆಗಾನೋ ಅಂದರೆ ಪಿಜ್ಜಾ ಮೇಲೆ ಉದುರಿಸುವ ಘಮದ ಸೊಪ್ಪು. ನನ್ನ ಮೊದಲ ಒರೆಗಾನೋ ಗಿಡ ಸತ್ತಿದ್ದು ನಾನು ದಿನಾ ನೀರು ಹಾಕಿದ್ದಕ್ಕೆ. ಎಲೆ ಹಳದಿಯಾದಾಗ ನೀರು ಸಾಲದೇನೋ ಅಂತ ಇನ್ನಷ್ಟು ಸುರಿದೆ. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತು ಕಪ್ಪಗಾಗಿತ್ತು. ಇದು ಮೆಡಿಟರೇನಿಯನ್ ಕಡೆಯ ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಗಿಡ. ಅತಿಯಾಗಿ ಉಪಚಾರ ಮಾಡಿದರೆ ತಡೆಯುವುದಿಲ್ಲ.

ಈಗ ಮೂರು ಕುಂಡಗಳಿವೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಮರಳು ಬೆರೆಸುತ್ತೇನೆ. ಬೆರಳನ್ನು ಒಂದು ಇಂಚು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಗೊಬ್ಬರ ಮಾತ್ರ ಜಾಸ್ತಿ ಹಾಕಬೇಡಿ. ಗಿಡ ಸೊಂಪಾಗಿ ಬೆಳೆಯುತ್ತೆ, ಆದರೆ ಎಲೆಯಲ್ಲಿ ಘಮ ಇರುವುದಿಲ್ಲ. ನಾನು ವರ್ಷಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಹಾಕುತ್ತೇನೆ, ಅಷ್ಟೇ.

ಬೀಜದಿಂದಲೂ ಬೆಳೆಸಬಹುದು. ಮೊಳಕೆಗೆ ಬೆಳಕು ಬೇಕು, ಹಾಗಾಗಿ ಬೀಜದ ಮೇಲೆ ಮಣ್ಣು ಮುಚ್ಚದೆ ಸುಮ್ನೆ ಉದುರಿಸಿ ಮೆಲ್ಲಗೆ ಒತ್ತಿ. ಆದರೆ ಬೀಜದ ಗಿಡಗಳ ರುಚಿ ಒಂದೇ ಥರ ಇರುವುದಿಲ್ಲ. ಕೆಲವಕ್ಕಂತೂ ರುಚಿಯೇ ಇಲ್ಲ! ಅದಕ್ಕೇ ನನಗೆ ಕಡ್ಡಿ ನೆಡುವುದೇ ಇಷ್ಟ. ಯಾರದ್ದಾದರೂ ಗಿಡದ ಎಲೆ ಒಂದನ್ನು ಅಗಿದು ನೋಡಿ. ನಾಲಿಗೆ ಸ್ವಲ್ಪ ಚುರುಗುಟ್ಟಿದರೆ ಅದೇ ಒಳ್ಳೇ ಗಿಡ. ಹೂ ಬಿಡದ 4 ಇಂಚಿನ ಕುಡಿ ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು ಒದ್ದೆ ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತೆ.

ಗಿಡ ಅರ್ಧ ಅಡಿ ದಾಟಿದ ಮೇಲೆ ತುದಿ ಚಿವುಟುತ್ತಿರಿ, ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತೆ. ಒಣಗಿಸಲು ಕೊಯ್ಯುವುದಾದರೆ ಮೊಗ್ಗು ಕಾಣಿಸಿದ ಕೂಡಲೇ, ಹೂ ಅರಳುವ ಮೊದಲು ಕೊಯ್ಯಿರಿ. ಎಲೆಯಲ್ಲಿ ಎಣ್ಣೆಯ ಅಂಶ ತುಂಬಿರುವ ಹೊತ್ತು ಅದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗೆಣ್ಣಿನ ಮೇಲ್ಭಾಗಕ್ಕೆ ಕತ್ತರಿಸಿ. ಕಟ್ಟು ಕಟ್ಟಿ ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾದಾಗ ಎಲೆ ಬಿಡಿಸಿ ಡಬ್ಬಿಗೆ ತುಂಬಿ. ಪುಡಿ ಮಾಡಿಡಬೇಡಿ, ಘಮ ಬೇಗ ಹೋಗುತ್ತೆ. ಬಳಸುವಾಗ ಅಂಗೈಯಲ್ಲಿ ಉಜ್ಜಿದರೆ ಸಾಕು.

ಅಡುಗೆಯಲ್ಲಿ ಒರೆಗಾನೋ ಒಣಗಿದ್ದೇ ಚೆನ್ನ ಅನ್ನುವವಳು ನಾನು. ಬೇರೆ ಎಷ್ಟೋ ಸೊಪ್ಪು ಒಣಗಿದರೆ ಸಪ್ಪೆ, ಇದರ ರುಚಿ ಇನ್ನೂ ಗಟ್ಟಿಯಾಗುತ್ತೆ. ಹಸಿ ಎಲೆ 3 ಚಮಚ ಬೇಕಿರುವ ಕಡೆ ಒಣಗಿದ್ದು 1 ಚಮಚ ಸಾಕು. ಟೊಮೆಟೊ ಸಾಸ್‌ಗೆ ಹೀಗೆ ಮಾಡಿ: ಎಣ್ಣೆಯಲ್ಲಿ 4 ಎಸಳು ಬೆಳ್ಳುಳ್ಳಿ ಬಾಡಿಸಿ, ಹೆಚ್ಚಿದ ಅರ್ಧ ಕೆಜಿ ಟೊಮೆಟೊ, ಉಪ್ಪು ಮತ್ತು 1 ಚಮಚ ಒಣ ಒರೆಗಾನೋ ಹಾಕಿ. ಸಣ್ಣ ಉರಿಯಲ್ಲಿ 20 ನಿಮಿಷ ಕುದಿಯಲಿ. ಹಸಿ ಎಲೆ ಹಾಕುವ ಆಸೆ ಇದ್ದರೆ ನಾಲ್ಕು ಎಲೆ ಕತ್ತರಿಸಿ, ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡಿ. ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ.