ಒಂದೇ ವಸ್ತು, ಹಲವು ವಿಭಾಗ: ಇಂಟರ್‌ಫೇಸ್ ಕಟ್ಟುವ ಬಗೆ

ಮಳೆ ಜಾಕೆಟ್ ಉಡುಪೂ ಹೌದು, ಚಾರಣದ ಸಾಮಗ್ರಿಯೂ ಹೌದು. ಆನ್‌ಲೈನ್ ಅಂಗಡಿಯಲ್ಲಿ ಅದನ್ನು ಎರಡೂ ವಿಭಾಗಗಳಲ್ಲಿ ತೋರಿಸುವುದು ಸುಲಭ. ತೊಡಕು ಶುರುವಾಗುವುದು ಆಮೇಲೆ: ಎಣಿಕೆ ತಾಳೆಯಾಗುವುದಿಲ್ಲ, ಒಂದು ಕಡೆ ತೆಗೆಯಲು ಹೋದರೆ ಎಲ್ಲ ಕಡೆಯೂ ಮಾಯವಾಗುತ್ತದೆ. ವಸ್ತು ಒಂದೇ, ವಿಭಾಗಗಳು ಅದರತ್ತ ಹೋಗುವ ದಾರಿಗಳಷ್ಟೇ ಎಂಬುದು ಪರದೆಯ ಮೇಲೆ ಎಲ್ಲೂ ಮಸುಕಾಗಬಾರದು.

ಮೊದಲು ವಿಭಾಗಗಳ ಪಟ್ಟಿಯನ್ನೇ ಅನುಮಾನಿಸಿ. ‘ಜಾಕೆಟ್’, ‘ಚಾರಣ’, ‘ಮಕ್ಕಳಿಗೆ’, ‘ನೀಲಿ’ ಎಲ್ಲವೂ ಒಂದೇ ಮೆನುವಿನಲ್ಲಿದ್ದರೆ ನಾಲ್ಕು ಬೇರೆ ಪ್ರಶ್ನೆಗಳ ಉತ್ತರಗಳು ಕಲಸಿಹೋಗಿವೆ ಎಂದರ್ಥ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರ ತಮ್ಮ ಕೋಲನ್ ವರ್ಗೀಕರಣದಲ್ಲಿ ಪುಸ್ತಕಗಳ ವಿಷಯವನ್ನು ಹೀಗೆಯೇ ಬೇರೆ ಬೇರೆ ಮುಖಗಳಾಗಿ ಬಿಡಿಸಿದ್ದರು. ನೀವೂ ಬಗೆ, ಬಳಕೆ, ಯಾರಿಗೆ, ಬಣ್ಣ ಎಂದು ಗುಂಪು ಮಾಡಿ, ಫಿಲ್ಟರ್ ಆಗಿ ಕೊಡಿ. ಒಂದೇ ಗುಂಪಿನೊಳಗಿನ ಆಯ್ಕೆಗಳ ನಡುವೆ ‘ಅಥವಾ’, ಗುಂಪು ಗುಂಪುಗಳ ನಡುವೆ ‘ಮತ್ತು’. ನೀಲಿ, ಹಸಿರು ಎರಡನ್ನೂ ಒತ್ತಿದವರಿಗೆ ಎರಡರಲ್ಲಿ ಯಾವುದಾದರೂ ಆದೀತು. ನೀಲಿಯ ಜೊತೆ ಚಾರಣವನ್ನೂ ಒತ್ತಿದರೆ ಎರಡೂ ಬೇಕು. ಪ್ರತಿ ಆಯ್ಕೆಯ ಪಕ್ಕದ ಸಂಖ್ಯೆಯನ್ನು ಲೆಕ್ಕಹಾಕುವಾಗ ಆ ಗುಂಪಿನಲ್ಲಿ ಈಗಾಗಲೇ ಒತ್ತಿರುವುದನ್ನು ಬದಿಗಿಡಿ. ಇಲ್ಲದಿದ್ದರೆ ‘ನೀಲಿ’ ಒತ್ತಿದ ಕೂಡಲೇ ಉಳಿದ ಬಣ್ಣಗಳ ಮುಂದೆ ಹೆಚ್ಚುಕಡಿಮೆ ಸೊನ್ನೆಯೇ ಕಾಣುತ್ತದೆ, ಆ ಗುಂಪು ಸತ್ತಂತೆ.

ಹೀಗೆ ಬಿಡಿಸಿದ ಮೇಲೂ ಎರಡು ಕಡೆ ಸಲ್ಲುವ ವಸ್ತುಗಳು ಉಳಿಯುತ್ತವೆ. ಅವಕ್ಕೆ ದಾಖಲೆಯ ಪ್ರತಿ ಮಾಡಬೇಡಿ. ಒಂದರಲ್ಲಿ ಬೆಲೆ ಬದಲಾಗಿ ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ. ಡೇಟಾಬೇಸ್‌ನಲ್ಲಿ ವಸ್ತುಗಳ ಟೇಬಲ್, ವಿಭಾಗಗಳ ಟೇಬಲ್, ನಡುವೆ ಇವೆರಡರ ಐಡಿಗಳನ್ನು ಜೋಡಿಸುವ ಮೂರನೆಯದು ಇರಲಿ. ಮೂರನೆಯದರಲ್ಲಿ ಎರಡೂ ಐಡಿ ಸೇರಿ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀಲಿ) ಆಗಲಿ, ಆಗ ಒಂದೇ ಜೋಡಿ ಎರಡು ಸಲ ಸೇರುವುದಿಲ್ಲ. ಪಟ್ಟಿಯಲ್ಲಿ ಎಷ್ಟನೆಯದು ಎಂಬ ಕ್ರಮಸಂಖ್ಯೆಯೂ ಈ ಮೂರನೆಯ ಟೇಬಲ್ಲಿನಲ್ಲೇ ಇರಬೇಕು, ಏಕೆಂದರೆ ಉಡುಪಿನಲ್ಲಿ ಮೊದಲಿರುವುದು ಚಾರಣದಲ್ಲಿ ಹತ್ತನೆಯದಾಗಿರಬಹುದು. ಮುಖ್ಯ ವಿಭಾಗ ಯಾವುದೆಂಬುದನ್ನು ಮಾತ್ರ ವಸ್ತುವಿನ ಟೇಬಲ್ಲಿನಲ್ಲಿಡಿ. ಆಗ ಒಂದಕ್ಕಿಂತ ಹೆಚ್ಚು ಆಗಲು ಸಾಧ್ಯವೇ ಇಲ್ಲ.

ಪುಟದ ಮೇಲೆ ‘ಮುಖಪುಟ › ಉಡುಪು › ಜಾಕೆಟ್’ ಎಂಬ ಜಾಡು ತೋರಿಸುವಾಗ ಈ ಮುಖ್ಯ ವಿಭಾಗವನ್ನೇ ಬಳಸಿ. ಬಂದ ದಾರಿಯನ್ನೇ ತೋರಿಸುವುದು ಚೆನ್ನ ಅನ್ನಿಸಬಹುದು, ಆದರೆ ಹುಡುಕಾಟದಿಂದಲೋ ಯಾರೋ ಕಳಿಸಿದ ಲಿಂಕಿನಿಂದಲೋ ಬಂದವರಿಗೆ ಅಂಥ ದಾರಿಯೇ ಇರುವುದಿಲ್ಲ. ಬಂದ ಪಟ್ಟಿಗೆ ಮರಳಲು ‘ಚಾರಣದ ಪಟ್ಟಿಗೆ ಹಿಂತಿರುಗಿ’ ಎಂಬ ಬೇರೆ ಲಿಂಕ್ ಸಾಕು. ವಸ್ತುವಿಗೆ ಒಂದೇ ಯುಆರ್‌ಎಲ್ (ವೆಬ್ ವಿಳಾಸ), ಅದರಲ್ಲಿ ವಿಭಾಗದ ಹೆಸರು ಬೇಡ. ಈಗಾಗಲೇ ಹಲವು ಇದ್ದರೆ, ಅವುಗಳಲ್ಲಿ ಮೂಲ ವಿಳಾಸ ಯಾವುದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ ಕೆನಾನಿಕಲ್ ಲಿಂಕ್ ಹಾಕಿ.

ವಿಭಾಗ ಹಚ್ಚುವ ಪರದೆಗೆ ಒಂದನ್ನೇ ಆರಿಸಬಲ್ಲ ಡ್ರಾಪ್‌ಡೌನ್ ಬೇಡ, ಚೆಕ್‌ಬಾಕ್ಸ್ ಬೇಕು. ಪಟ್ಟಿ ಉದ್ದವಾದರೆ ಮೇಲೊಂದು ಹುಡುಕುವ ಪೆಟ್ಟಿಗೆ, ಆರಿಸಿದವು ಸದಾ ಕಣ್ಣೆದುರು. ಹಲವು ವಸ್ತುಗಳನ್ನು ಒಟ್ಟಿಗೆ ತಿದ್ದುವಾಗ ಕೆಲವು ಮಾತ್ರ ‘ಚಾರಣ’ದಲ್ಲಿದ್ದರೆ ಪೆಟ್ಟಿಗೆಯಲ್ಲಿ ಗುರುತಿನ ಬದಲು ಅಡ್ಡಗೆರೆ ಕಾಣಬೇಕು, ಮುಟ್ಟದಿದ್ದರೆ ಏನೂ ಬದಲಾಗಬಾರದು. ಇಲ್ಲೇ ಹೆಚ್ಚು ಮಂದಿ ಎಡವುವುದು. ಎಚ್‌ಟಿಎಂಎಲ್‌ನಲ್ಲಿ ಈ ಅಡ್ಡಗೆರೆ ಬರೀ ತೋರಿಕೆ. ಫಾರ್ಮ್ ಸಲ್ಲಿಸಿದಾಗ ಆ ಸ್ಥಿತಿ ಸರ್ವರ್‌ಗೆ ಹೋಗುವುದಿಲ್ಲ. ‘ಈಗಿನ ಪೂರ್ತಿ ಪಟ್ಟಿ’ ಕಳಿಸಿದರೆ ಮುಟ್ಟದ ವಿಭಾಗಗಳೂ ಉದುರಿಹೋಗುತ್ತವೆ. ‘ಸೇರಿಸಿದವು’, ‘ತೆಗೆದವು’ ಎಂಬ ಎರಡು ಪಟ್ಟಿಗಳನ್ನೇ ಕಳಿಸಿ.

ಅಳಿಸುವುದಕ್ಕೆ ಎರಡು ಬೇರೆ ಗುಂಡಿಗಳಿರಲಿ: ‘ಚಾರಣದಿಂದ ತೆಗೆಯಿರಿ’, ‘ಪೂರ್ತಿ ಅಳಿಸಿ’. ಎರಡನೆಯದನ್ನು ಒತ್ತಿದಾಗ ‘ಇದು ಉಡುಪು, ಮಳೆಗಾಲ ವಿಭಾಗಗಳಿಂದಲೂ ಹೋಗುತ್ತದೆ’ ಎಂದು ಹೆಸರು ಹೇಳಿಯೇ ಎಚ್ಚರಿಸಿ. ಕೊನೆಯ ವಿಭಾಗದಿಂದಲೂ ತೆಗೆದರೆ ವಸ್ತು ಎಲ್ಲೂ ಕಾಣದಂತಾಗುತ್ತದೆ. ‘ವಿಭಾಗವಿಲ್ಲದವು’ ಎಂಬ ಪಟ್ಟಿ ಇಟ್ಟುಕೊಳ್ಳಿ. ವಿಭಾಗದ ಗುರುತಾಗಿ ಫೋಲ್ಡರ್ ಚಿತ್ರವನ್ನು ಬಳಸದಿರುವುದು ಲೇಸು. ಫೋಲ್ಡರ್ ಎಂದರೆ ಒಳಗಿಡುವ ಜಾಗ, ಒಳಗಿರುವುದು ಇನ್ನೊಂದರಲ್ಲೂ ಇರುತ್ತದೆಂದು ಯಾರೂ ಎಣಿಸುವುದಿಲ್ಲ. ಗೂಗಲ್ ಡ್ರೈವ್ ಕೂಡ ಒಂದು ಫೈಲನ್ನು ಹಲವು ಫೋಲ್ಡರ್‌ಗಳಲ್ಲಿಡುವ ಸೌಲಭ್ಯವನ್ನು 2020ರಲ್ಲಿ ಕೈಬಿಟ್ಟು ಶಾರ್ಟ್‌ಕಟ್‌ಗಳಿಗೆ ಬಂತು. ಜಿಮೇಲ್‌ನ ಲೇಬಲ್‌ಗಳಂಥ ಚೀಟಿಯ ರೂಪಕ್ಕೆ ಈ ತೊಂದರೆ ಕಡಿಮೆ.

ಪರೀಕ್ಷೆಗೆ ಒಂದು ವಸ್ತುವನ್ನು ಮೂರು ವಿಭಾಗಕ್ಕೆ ಹಾಕಿ, ಅವುಗಳಲ್ಲಿ ಎರಡು ಒಂದೇ ಮೇಲ್ವಿಭಾಗದ ಮಕ್ಕಳಾಗಿರಲಿ. ಮೇಲ್ವಿಭಾಗ ತೆರೆದಾಗ, ಹುಡುಕಿದಾಗ ಅದು ಒಮ್ಮೆ ಮಾತ್ರ ಕಾಣಬೇಕು, ಎಣಿಕೆಯಲ್ಲೂ ಒಂದೇ ಆಗಬೇಕು. ಎರಡಾಗಿ ಬಂದರೆ ಜೋಡಣೆಯ ಸಾಲುಗಳನ್ನು ಎಣಿಸುತ್ತಿದ್ದೀರಿ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ವಸ್ತುವಿನ ಐಡಿಗೆ ಡಿಸ್ಟಿಂಕ್ಟ್ (ಪುನರಾವರ್ತನೆ ಬಿಡುವ ಪದ) ಹಾಕಿ. ವಿಭಾಗಗಳ ಸಂಖ್ಯೆಗಳನ್ನು ಕೂಡಿಸಿ ‘ಒಟ್ಟು’ ಎಂದು ಎಲ್ಲಿಯೂ ಬರೆಯಬೇಡಿ, ಅದು ನಿಜವಾದ ಒಟ್ಟಿಗಿಂತ ಹೆಚ್ಚೇ ಬರುತ್ತದೆ.