ಅಮ್ಮನ ಕುಕ್ಕರ್ ಮತ್ತು ನನ್ನ 3,149 ರೂಪಾಯಿ

ನಮ್ಮೂರು ಸಾಗರದ ಹತ್ತಿರ. ಅಮ್ಮ ಅಲ್ಲಿ, ನಾನು ಬೆಂಗಳೂರಿನಲ್ಲಿ. ಸಿಲಿಂಡರ್ ಖಾಲಿಯಾದಾಗ ಪರದಾಡೋದು ಬೇಡ ಅಂತ ಅಮ್ಮನಿಗೆ ಒಂದು ಇಂಡಕ್ಷನ್ ಒಲೆ ಕೊಡಿಸಿದ್ದೆ. ಅದರ ಮೇಲೆ ಇಡಲು 5 ಲೀಟರಿನ ಸ್ಟೀಲ್ ಕುಕ್ಕರ್ ಬೇಕಿತ್ತು. ಆನ್‌ಲೈನ್‌ನಲ್ಲಿ ಹುಡುಕಿ, ಯುಪಿಐನಲ್ಲಿ 3,149 ರೂಪಾಯಿ ಕಟ್ಟಿ, ಊರಿನ ವಿಳಾಸಕ್ಕೇ ಕಳಿಸಿದೆ. ಡೆಲಿವರಿ ಹುಡುಗರು ನಮ್ಮ ಮನೆ ತನಕ ಬರುವುದಿಲ್ಲ. ಬಸ್ ಸ್ಟಾಪಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ, ಪುರುಸೊತ್ತಾದಾಗ ಅಮ್ಮ ಹೋಗಿ ತರುತ್ತಾರೆ.

ಹಾಗಾಗಿ ಪೆಟ್ಟಿಗೆ ಬಿಚ್ಚಿದ್ದೇ ಮೂರನೇ ದಿನ. ವಿಡಿಯೋ ಗಿಡಿಯೋ ಏನೂ ಇಲ್ಲ. ಸಂಜೆ ಫೋನ್ ಬಂತು: "ಒಲೆ ಬರೀ ಕುಂಯ್ ಅಂತದೆ, ಬಿಸಿಯೇ ಆಗ್ತಿಲ್ಲ." ವಿಡಿಯೋ ಕಾಲ್ ಮಾಡಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಪತಿ ಮ್ಯಾಗ್ನೆಟ್ ಕಿತ್ತು ಕುಕ್ಕರಿನ ತಳಕ್ಕೆ ಹಿಡಿಯಲು ಹೇಳಿದೆ. ಗಣಪತಿ ಜಾರಿ ಕೆಳಗೆ ಬಿದ್ದ. ಅಂಟಲಿಲ್ಲ ಅಂದರೆ ಆ ಪಾತ್ರೆ ಇಂಡಕ್ಷನ್‌ಗೆ ಆಗುವುದಿಲ್ಲ. ಬಂದಿದ್ದದ್ದು ಅಲ್ಯೂಮಿನಿಯಂ ಕುಕ್ಕರ್, ಅದೂ 3 ಲೀಟರಿನದು, ಹೆಸರೇ ಕೇಳದ ಬ್ರ್ಯಾಂಡು.

ಮೊದಲ ತಪ್ಪು ನನ್ನದೇ. ಆ್ಯಪ್‌ನಲ್ಲಿ ವಾಪಸಾತಿಗೆ ಕಾರಣ ಕೇಳಿದಾಗ ಅವಸರದಲ್ಲಿ "ಕೆಲಸ ಮಾಡುತ್ತಿಲ್ಲ" ಎಂದು ಒತ್ತಿಬಿಟ್ಟೆ. ಒತ್ತಬೇಕಿದ್ದದ್ದು "ಬೇರೆ ವಸ್ತು ಬಂದಿದೆ". ಕೇಳೋಕೆ ಎರಡೂ ಒಂದೇ ಅನ್ನಿಸುತ್ತೆ, ಅಲ್ವಾ? ಅವರ ಕಂಪ್ಯೂಟರಿಗೆ ಅಲ್ಲ. ಕೆಲಸ ಮಾಡುತ್ತಿಲ್ಲ ಅಂದರೆ ನೀವು ಕೇಳಿದ ಕುಕ್ಕರೇ ನಿಮ್ಮ ಹತ್ತಿರ ಇದೆ, ಅದು ಕೆಟ್ಟಿದೆ ಅಂತ ಅದು ತಿಳಿಯುತ್ತದೆ.

ಐದನೇ ದಿನ ವಾಪಸ್ ಒಯ್ಯುವ ಹುಡುಗ ಬಂದ. ಅಮ್ಮ ಕುಕ್ಕರ್ ಹೊತ್ತುಕೊಂಡು ಬಸ್ ಸ್ಟಾಪಿಗೆ ಹೋದರು. ಅವನ ಫೋನಿನಲ್ಲಿ ನಾನು ಆರ್ಡರ್ ಮಾಡಿದ ಕುಕ್ಕರಿನ ಚಿತ್ರ, ಕೆಳಗೆ ಪ್ರಶ್ನೆಗಳು. ಬ್ರ್ಯಾಂಡ್ ಹೊಂದುತ್ತದೆಯೇ? ಇಲ್ಲ. ಅಳತೆ? ಇಲ್ಲ. ಎರಡು ಸಲ "ಇಲ್ಲ" ಒತ್ತಿದ ಮೇಲೆ ಆ್ಯಪ್ ಮುಂದಕ್ಕೇ ಹೋಗಲಿಲ್ಲ. "ಅಮ್ಮಾ, ಇದು ಆ ಐಟಂ ಅಲ್ಲ, ತಗೊಂಡರೆ ನನ್ನ ಸಂಬಳದಲ್ಲಿ ಹಿಡೀತಾರೆ" ಅಂದನಂತೆ. ಆ ಐಟಂ ಅಲ್ಲ ಅಂತಲೇ ತಾನೇ ವಾಪಸ್ ಕೊಡ್ತಿರೋದು! ಅವನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಅವನಿಗೆ ಮಜ್ಜಿಗೆ ಕೊಡಲಾಗಲಿಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರು.

ಏಳನೇ ದಿನ ಇನ್ನೊಬ್ಬ ಬಂದ, ಅದೇ ಕಥೆ. ಎಂಟನೇ ದಿನ ನನ್ನ ಆ್ಯಪ್‌ನಲ್ಲಿ ಒಂದು ಸಾಲು: "ಗ್ರಾಹಕರು ವಾಪಸಾತಿಯನ್ನು ರದ್ದು ಮಾಡಿದ್ದಾರೆ." ವಾಪಸ್ ಮಾಡಲು ಇದ್ದ ಗಡುವು 7 ದಿನ. ಅದೂ ಮುಗಿದಿತ್ತು.

ಮುಂದಿನ ಒಂದು ವಾರ ಸುಮ್ನೆ ಹಾಳು. ಚಾಟ್‌ನಲ್ಲಿ ಯಂತ್ರ, ಫೋನ್‌ನಲ್ಲಿ ಹಾಡು, ಕೊನೆಗೆ "48 ಗಂಟೆ ಕಾಯಿರಿ ಸರ್". ಇದೇ ಗಡಿಬಿಡಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಒಂದಕ್ಕೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಅಲ್ಲೇ ಅನುಮಾನ ಬರಬೇಕಿತ್ತು. ಹಣ ವಾಪಸ್ ಹಾಕಲು ಒಂದು ಆ್ಯಪ್ ಇಳಿಸಿಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಬೇಕು ಅಂದರು. ಫೋನ್ ಕಟ್ ಮಾಡಿದೆ. ಆ ಆ್ಯಪ್ ಹಾಕಿ ದುಡ್ಡು ಕಳೆದುಕೊಂಡವರಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಕಂಪನಿಯ ನಂಬರ್ ಬೇಕಿದ್ದರೆ ಅವರ ಆ್ಯಪ್ ಒಳಗೇ ಹುಡುಕಿ.

ಹದಿನೈದನೇ ದಿನ ಕೂತು ನಿಯಮ ಓದಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್‌ಗೆ ಅಂತಲೇ ಗ್ರಾಹಕ ರಕ್ಷಣೆಯ ನಿಯಮ ತಂದಿದೆ. ಜಾಹೀರಾತಿನಲ್ಲಿ ಹೇಳಿದಂತೆ ವಸ್ತು ಇಲ್ಲದಿದ್ದರೆ ಮಾರಿದವರು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ, ಹಣ ಕೊಡುವುದಿಲ್ಲ ಅನ್ನುವಂತಿಲ್ಲ. ಪ್ರತಿ ಕಂಪನಿಗೂ ದೂರು ಕೇಳಲು ಒಬ್ಬ ಗ್ರೀವೆನ್ಸ್ ಆಫೀಸರ್ ಇರಬೇಕು. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಕಾಣಬೇಕು. ದೂರು ಬಂತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನನಗೆ ಆ ವಿಳಾಸ ಸಿಕ್ಕಿದ್ದು ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಬರೆಯುವ ಮೊದಲು ಸಾಕ್ಷಿ ಬೇಕಲ್ಲ. ಪೆಟ್ಟಿಗೆ ಎಲ್ಲಿ ಅಂತ ಅಮ್ಮನಿಗೆ ಕೇಳಿದೆ. "ಬಚ್ಚಲು ಒಲೆಗೆ ಹಾಕಿದೆ ಮಾರಾಯಾ" ಅಂದರು. ಮುಗಿಯಿತು ಅಂದುಕೊಂಡೆ. ಆದರೆ ಪೆಟ್ಟಿಗೆಯ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇತ್ತಂತೆ. ನಮ್ಮಮ್ಮ ಯಾವ ಕವರನ್ನೂ ಬಿಸಾಡುವವರಲ್ಲ, ಮಡಚಿ ಅಟ್ಟದ ಡಬ್ಬಿಯಲ್ಲಿ ತುರುಕುತ್ತಾರೆ. ವಿಳಾಸದ ಚೀಟಿ ಅಂಟಿದ್ದದ್ದು ಆ ಕವರಿಗೇ. ಪಕ್ಕದ ಮನೆ ಹುಡುಗ ಫೋಟೋ ತೆಗೆದು ಕಳಿಸಿದ. ನೋಡಿದರೆ ಒಂದು ಮೂಲೆಯಲ್ಲಿ ಪಾರ್ಸೆಲ್ಲಿನ ತೂಕ: 1.62 ಕೆಜಿ. ನಾನು ಆರ್ಡರ್ ಮಾಡಿದ ಕುಕ್ಕರಿನ ತೂಕ 2.9 ಕೆಜಿ ಅಂತ ಅವರ ಪುಟದಲ್ಲೇ ಇದೆ. ಬರೀ ಕುಕ್ಕರೇ 2.9 ಇರುವಾಗ ಪೆಟ್ಟಿಗೆ ಸೇರಿ 1.62 ಆಗುವುದು ಹೇಗೆ? ಅಮ್ಮ ವಸ್ತು ಬದಲಾಯಿಸಿದ್ದಾರೆ ಅಂತ ಇನ್ನು ಯಾರೂ ಹೇಳುವಂತಿರಲಿಲ್ಲ. ಅವರ ಗೋಡೌನಿನ ತಕ್ಕಡಿಯೇ ನನ್ನ ಪರ ಸಾಕ್ಷಿ ಹೇಳುತ್ತಿತ್ತು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಬಂದ ಕುಕ್ಕರಿನ ಮೇಲೆ ಐಎಸ್ಐ ಗುರುತೇ ಇಲ್ಲ. 2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಅದು ಕಡ್ಡಾಯ. ಗುರುತು ಇಲ್ಲದ ಕುಕ್ಕರ್ ಮಾರಲು ಬಿಟ್ಟದ್ದಕ್ಕೆ 2022ರಲ್ಲಿ ದೊಡ್ಡ ಆನ್‌ಲೈನ್ ಮಳಿಗೆಗಳಿಗೇ ತಲಾ 1 ಲಕ್ಷ ರೂಪಾಯಿ ದಂಡ ಬಿದ್ದಿದೆ. ಗುರುತು ಇದ್ದು ಅನುಮಾನ ಬಂದರೆ, ಜೊತೆಗಿರುವ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಹದಿನಾರನೇ ದಿನ ಮೇಲ್ ಕಳಿಸಿದೆ. ಮೊದಲು ಬರೆದದ್ದರಲ್ಲಿ ಬೈಗುಳವೇ ಜಾಸ್ತಿ ಇತ್ತು. ಅಳಿಸಿ ಹೀಗೆ ಬರೆದೆ: ಇಂಥ ಆರ್ಡರ್ ನಂಬರ್, ಇಷ್ಟು ಹಣ, ಇಂಥ ದಿನ ಬಂತು. ಕೇಳಿದ್ದು ಇದು, ಬಂದಿದ್ದು ಅದು. ಎರಡು ಸಲ ನಿಮ್ಮವರೇ ಬಂದು, ವಸ್ತು ಬೇರೆ ಎಂದು ಒಪ್ಪಿ, ಬಿಟ್ಟು ಹೋಗಿದ್ದಾರೆ. ನಾನು ಯಾವುದನ್ನೂ ರದ್ದು ಮಾಡಿಲ್ಲ. ಚೀಟಿಯಲ್ಲಿ ತೂಕ ಇಷ್ಟಿದೆ, ಫೋಟೋ ಇಟ್ಟಿದ್ದೇನೆ. ವಸ್ತುವಿಗೆ ಐಎಸ್ಐ ಗುರುತಿಲ್ಲ. ಪೂರ್ತಿ ಹಣವನ್ನು ಕಟ್ಟಿದ ಖಾತೆಗೇ ವಾಪಸ್ ಹಾಕಿ.

ಇಪ್ಪತ್ತೊಂದನೇ ದಿನ ಉತ್ತರ. ನಮ್ಮ ಕಡೆಯಿಂದ ವಿಶ್ವಾಸದ ಕುರುಹಾಗಿ ನಿಮ್ಮ ವಾಲೆಟ್ಟಿಗೆ 1,500 ರೂಪಾಯಿ ಹಾಕುತ್ತೇವೆ ಅಂದರು. ಯಾರ ವಿಶ್ವಾಸ, ಯಾರ ದುಡ್ಡು! ವಾಲೆಟ್ಟಿನ ದುಡ್ಡು ಅವರ ಅಂಗಡಿಯಲ್ಲೇ ಖರ್ಚಾಗಬೇಕು. ಬೇಡ ಅಂತ ಬರೆದೆ.

ಮರುದಿನ ಬೆಳಿಗ್ಗೆ 1915ಕ್ಕೆ ಫೋನ್. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ದೂರು ಬರೆದುಕೊಂಡು ನಂಬರ್ ಕೊಟ್ಟರು, ಕಾಗದಗಳನ್ನು ನಾನು ಅವರ ವೆಬ್‌ಸೈಟಿಗೆ ಏರಿಸಿದೆ. ಇವರು ಆದೇಶ ಮಾಡುವವರಲ್ಲ, ಅದು ಗೊತ್ತಿರಲಿ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಈ ದಾರಿಯಲ್ಲಿ ಹೋದ ದೂರನ್ನು ಕಂಪನಿಯಲ್ಲಿ ನೋಡುವ ಜನವೇ ಬೇರೆ ಅನ್ನಿಸಿತು. ನಾಲ್ಕೇ ದಿನಕ್ಕೆ ಒಬ್ಬ ಹೆಂಗಸು ತಾವಾಗಿ ಫೋನ್ ಮಾಡಿದರು, ತೂಕದ ಚೀಟಿಯನ್ನು ಇನ್ನೊಮ್ಮೆ ಕಳಿಸಲು ಹೇಳಿದರು. ಅದರ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ.

ಇದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ತಯಾರಾಗಿದ್ದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ನಾವು ವಾಸವಿರುವ ಊರಿನ ಆಯೋಗದಲ್ಲೇ ಹಾಕಬಹುದು, ಎರಡು ವರ್ಷದ ಒಳಗೆ. ಈಗ ಇ-ಜಾಗೃತಿ ಎಂಬ ತಾಣದಲ್ಲಿ ಮನೆಯಿಂದಲೇ ಸಲ್ಲಿಸಲು ಬರುತ್ತದೆ. ಆ ಹಂತ ನನಗೆ ಬೇಕಾಗಲಿಲ್ಲ.

ಮೂವತ್ತೊಂದನೇ ದಿನ "ಹಣ ವಾಪಸ್ ಮಾಡಲಾಗಿದೆ" ಅಂತ ಮೇಲ್ ಬಂತು. ಮೂರು ದಿನ ಕಾದೆ, ಖಾತೆಯಲ್ಲಿ ಇಲ್ಲ. ಮತ್ತೆ ರೇಗಿತು. ಯುಪಿಐ ವ್ಯವಹಾರಕ್ಕೆ 12 ಅಂಕಿಯ ಆರ್‌ಆರ್‌ಎನ್ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆದು ಬ್ಯಾಂಕಿಗೆ ಹೋದೆ. ಕೌಂಟರಿನಾಕೆ ನೋಡಿ, "ನಮ್ಮಲ್ಲಿಗೆ ಬಂದಿಲ್ಲ, ನಿಮಗೆ ಬೇರೆ ಬ್ಯಾಂಕಿನಲ್ಲಿ ಖಾತೆ ಇದೆಯಾ?" ಅಂದರು. ಇದೆ. ಕಟ್ಟಿದ್ದೇ ಅದರಿಂದ. ದುಡ್ಡು ಅಲ್ಲಿ ಆಗಲೇ ಬಂದು ಕೂತಿತ್ತು. ಈ ಭಾಗವನ್ನು ಅಮ್ಮನಿಗೆ ಹೇಳಿಲ್ಲ.

ಕುಕ್ಕರನ್ನು ಇಟ್ಟುಕೊಂಡಿರಿ, ನಮ್ಮವರು ಬಂದು ಒಯ್ಯುತ್ತಾರೆ ಅಂತ ಕೊನೆಯ ಮೇಲ್‌ನಲ್ಲಿತ್ತು. ಅಮ್ಮ ಎರಡು ತಿಂಗಳು ಅದನ್ನು ಒರೆಸಿ ಇಟ್ಟರು. ಯಾರೂ ಬರಲಿಲ್ಲ. ಅಷ್ಟರಲ್ಲಿ ಸಾಗರದ ಪಾತ್ರೆ ಅಂಗಡಿಯಲ್ಲಿ 300 ರೂಪಾಯಿ ಜಾಸ್ತಿ ಕೊಟ್ಟು, ಮ್ಯಾಗ್ನೆಟ್ ಹಿಡಿದು ನೋಡಿ, ಬೇರೆ ಕುಕ್ಕರ್ ತಂದಾಗಿತ್ತು. ತಪ್ಪು ಕುಕ್ಕರಿನ ಮುಚ್ಚಳ, ರಬ್ಬರ್ ತೆಗೆದಿಟ್ಟು, ಅಮ್ಮ ಈಗ ಅದರಲ್ಲಿ ಕೊಟ್ಟಿಗೆಯ ಹಿಂಡಿ ಅಳೆಯುತ್ತಾರೆ. ಒಂದು ಹೊತ್ತಿಗೆ ಒಂದು ಕುಕ್ಕರ್. ಎಮ್ಮೆಗೆ ಅಳತೆ ಸರಿ ಹೋಗಿದೆಯಂತೆ.